ಟರ್ಬೋ ಎಂಜಿನ್ನಿನ ಗಾಳಿಸೋರಿಕೆ: ಶೋಧನೋಪಾಯಗಳ ಸಮೀಕ್ಷೆ

ಸೋಲಾಪುರದಿಂದ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ನಳದುರ್ಗವನ್ನು ಹಿಂದೆ ಹಾಕಿ ಉಮರ್ಗಾ ಪಟ್ಟಣವನ್ನು ಹಾಯ್ದು ಕರ್ನಾಟಕದ ಎಲ್ಲೆಯನ್ನು ಮುಟ್ಟುವವರೆಗೂ, ಅದರ ಉತ್ತರಕ್ಕೆ ನಿಲಂಗಾ, ದೇವಣಿ, ಉದಗೀರಗಳ ಕಡೆಗೆ ಹರಡಿಕೊಂಡಿರುವ ಕಿರುರಸ್ತೆಗಳ ಇಕ್ಕೆಲಗಳಲ್ಲಿಯೂ, ತಗಡಿನ ನೆರಳಿನಲ್ಲಿ ನಡೆಯುವ ಮೋಟಾರು ಗ್ಯಾರೇಜುಗಳಲ್ಲಿ ಮರಾಠಿ, ಕನ್ನಡ, ದಖನೀ ಉರ್ದು ಈ ಮೂರು ಭಾಷೆಗಳಲ್ಲಿಯೂ ಕಿವಿಗೆ ಬೀಳುವ ದೂರೊಂದುಂಟು. “ಗಾಡಿ ಎಳೀವಲ್ದು, ಏರಿನ್ಯಾಗ ಕರೀ ಹೊಗಿ ಬಿಡ್ಲತದ, ಮೊದಲಿನ ಪಿಕಪ್ಪೇ ಇಲ್ಲ” ಎಂದು ಚಾಲಕನು ಹೇಳುತ್ತಾನೆ. ಮಿಸ್ತ್ರಿಯು ಬಾನೆಟ್ಟನ್ನೆತ್ತಿ, ಟರ್ಬೋದಿಂದ ಹೊರಟ ನಳಿಕೆಯೊಂದನ್ನು ಕಳಚಿ, ಒಳಗೆ ಬೆರಳಾಡಿಸಿ, ಬೆರಳಿಗಂಟಿದ ಎಣ್ಣೆಯನ್ನು ತೋರಿಸಿ, “ಟರ್ಬೋ ಹೋಗ್ಯದ” ಎಂದು ತೀರ್ಪು ಕೊಡುತ್ತಾನೆ. ಎಂಜಿನ್ನಿನ ಅಂಗಗಳಲ್ಲಿ ಅತ್ಯಂತ ದುಬಾರಿಯಾದವುಗಳ ಸಾಲಿಗೆ ಸೇರಿದ ಟರ್ಬೋಚಾರ್ಜರನ್ನು ಬದಲಿಸಿದ ಮೇಲೂ ಗಾಡಿಯು ಏರಿನಲ್ಲಿ ಹಿಂದಿನಂತೆಯೇ ಏದುತ್ತಿರುವುದನ್ನು ಕಂಡು ಒಡೆಯನು ಬೆರಗಾಗುವನು. ದೋಷವು ಆ ಯಂತ್ರದಲ್ಲಿರದೆ, ಅದು ಒತ್ತಿ ಕಳಿಸಿದ ಗಾಳಿಯನ್ನು ಸಿಲಿಂಡರಿನವರೆಗೆ ಸಾಗಿಸಬೇಕಾದ ರಬ್ಬರಿನ ಹೋಸಿನಲ್ಲಿ, ಸಡಿಲವಾದ ಕ್ಲ್ಯಾಂಪಿನಲ್ಲಿ, ಇಲ್ಲವೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮೂಲೆಯೊಂದರಲ್ಲಿ ಇದ್ದಿರುವುದು ಅಪೂರ್ವವೇನಲ್ಲ.

ಈ ಸೋರಿಕೆಯನ್ನು ಹುಡುಕುವ ಉಪಾಯಗಳು ಹಲವಿವೆ. ಕಣ್ಣು, ಕಿವಿ, ಕೈಗಳಿಂದ ಮೊದಲಾಗಿ ಸಾಬೂನಿನ ನೀರು, ಹೊಗೆಯಂತ್ರ, ಒತ್ತಡಪರೀಕ್ಷೆ, ಸ್ಕ್ಯಾನರುಗಳವರೆಗೆ ಅವುಗಳ ಶ್ರೇಣಿ ಹಬ್ಬಿದೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದವು ಮಿಸ್ತ್ರಿಗಳ ನಡುವೆ ನಡೆಯುವುದುಂಟು. ಆದರೆ ನನ್ನ ದೃಷ್ಟಿಯಲ್ಲಿ ಆ ವಾದವೇ ದಾರಿ ತಪ್ಪಿದ್ದು. ಪ್ರತಿಯೊಂದು ಉಪಾಯವೂ ಎಂಜಿನ್ನನ್ನು ಒಂದೊಂದು ಬೇರೆ ಅವಸ್ಥೆಯಲ್ಲಿರಿಸಿ ನೋಡುತ್ತದೆ. ಒಂದು ತಣ್ಣಗೆ ನಿಂತಿರುವಾಗ, ಒಂದು ಹೊರೆಯಿಲ್ಲದೆ ತಿರುಗುತ್ತಿರುವಾಗ, ಇನ್ನೊಂದು ಭಾರ ಹೊತ್ತು ಏರುತ್ತಿರುವಾಗ. ದೋಷವು ತಲೆದೋರುವ ಅವಸ್ಥೆಗೂ ಪರೀಕ್ಷೆ ನಡೆಯುವ ಅವಸ್ಥೆಗೂ ಎಷ್ಟು ಅಂತರವಿದೆಯೆಂಬುದನ್ನು ತೂಗಿ ನೋಡದೆ, “ಪರೀಕ್ಷೆ ಮಾಡಿದೆವು, ಸೋರಿಕೆಯಿಲ್ಲ” ಎಂದು ನುಡಿಯುವುದು ಆತುರದ ನಿರ್ಣಯವಾದೀತು.

ಮೊದಲು ಸೀಮೆಯ ಮಾತು. ಉದಗೀರವೂ ನಿಲಂಗವೂ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿದ್ದವು. ಬೀದರವು ಮೈಸೂರಿಗೂ ಈ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೂ ಹೋದವು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾದಾಗ ಅವು ಅದರ ಪಾಲಿಗೆ ಬಂದವು. ಉಮರ್ಗಾ ಮಾತ್ರ ಹಿಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯಲ್ಲಿಯೇ ಉಳಿಯಿತು. ಗಡಿ ಬಿದ್ದರೂ ಬಾಂಧವ್ಯವಾಗಲಿ ವ್ಯಾಪಾರವಾಗಲಿ ಬೀಳಲಿಲ್ಲ. ಉದಗೀರದ ಗಾಡಿಯವನು ಕಮಲನಗರದ ಮೇಲಿಂದ ಭಾಲ್ಕಿ, ಬೀದರಗಳಿಗೂ, ಉಮರ್ಗಾದವನು ಬಸವಕಲ್ಯಾಣ, ಹುಮನಾಬಾದುಗಳಿಗೂ ಬಿಡಿಭಾಗವನ್ನರಸಿ ಹೋಗುವುದು ಇಂದಿಗೂ ಸಹಜವಾದ ಸಂಗತಿ. ಇಲ್ಲಿ ಸೋಯಾ, ತೊಗರಿ, ಕಬ್ಬುಗಳನ್ನು ಸಾಗಿಸುವ ಪಿಕಪ್ಪುಗಳೂ, ಹಳ್ಳಿಯಿಂದ ತಾಲ್ಲೂಕಿಗೆ ಜನರನ್ನು ಹೊತ್ತು ತರುವ ಕ್ರೂಸರು ಜೀಪುಗಳೂ ಡೀಸೆಲ್ ಟರ್ಬೋ ಎಂಜಿನ್ನಿನವು. ಭಾರವು ಕಾಗದದ ಮೇಲಿನ ಮಿತಿಯನ್ನು ಮೀರಿರುತ್ತದೆ. ಎರೆಮಣ್ಣಿನ ಧೂಳೂ, ಖಡಿ ಯಂತ್ರಗಳ ಧೂಳೂ ಗಾಳಿಯಲ್ಲಿರುತ್ತವೆ. ವೈಶಾಖದ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ.

ಈ ಬಿಸಿಲಿಗೂ ಎತ್ತರಕ್ಕೂ ಟರ್ಬೋದೊಡನೆ ಇರುವ ಸಂಬಂಧವು ಕುತೂಹಲಕರವಾದದ್ದು. ಬಾಲಾಘಾಟದ ಈ ಪ್ರಸ್ಥಭೂಮಿ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ವಾಯುಮಂಡಲದ ಒತ್ತಡ ಸುಮಾರು 94 ಕಿಲೋಪಾಸ್ಕಲ್. ಸಮುದ್ರತೀರದಲ್ಲಾದರೋ ಅದು 101. ಇದರ ಮೇಲೆ 40 ಡಿಗ್ರಿಯ ತಾಪವೂ ಕೂಡಿದರೆ, ಒಂದು ಘನಮೀಟರ್ ಗಾಳಿಯ ತೂಕವು ಸಮುದ್ರಮಟ್ಟದ 15 ಡಿಗ್ರಿಯ ಗಾಳಿಯಲ್ಲಿರುವ 1.22 ಕಿಲೋಗ್ರಾಮಿನಿಂದ ಸುಮಾರು 1.05ಕ್ಕೆ ಇಳಿಯುತ್ತದೆ, ಅಂದರೆ ನೂರಕ್ಕೆ ಹದಿನಾಲ್ಕರಷ್ಟು ಗಾಳಿಯು ಎಂಜಿನ್ನಿನ ಬಾಗಿಲಿಗೆ ಬರುವ ಮುನ್ನವೇ ಕಡಿಮೆಯಾಗಿರುತ್ತದೆ. ಈ ಕೊರತೆಯನ್ನು ತುಂಬಿಕೊಡುವುದೇ ಟರ್ಬೋದ ಆದಿಕಾಲದ ಕೆಲಸಗಳಲ್ಲೊಂದಾಗಿತ್ತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಎಂಜಿನಿಯರು, ವ್ಯರ್ಥವಾಗಿ ಹೊರಬೀಳುವ ಹೊಗೆಯ ವೇಗದಿಂದಲೇ ಗಾಳಿಯನ್ನು ಒತ್ತಿ ಒಳತಳ್ಳುವ ಕಲ್ಪನೆಗೆ 1905ರಲ್ಲಿ ಪೇಟೆಂಟ್ ಪಡೆದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ವಿಮಾನದ ಎಂಜಿನ್ನೊಂದನ್ನು ಕೊಲರಾಡೋದ ಪೈಕ್ಸ್ ಪೀಕ್ ಎಂಬ 4,300 ಮೀಟರ್ ಎತ್ತರದ ಶಿಖರಕ್ಕೆ ಸಾಗಿಸಿ, ತೆಳುಗಾಳಿಯಲ್ಲಿ ಕುಂದಿದ ಅದರ ಬಲವನ್ನು ಟರ್ಬೋದ ನೆರವಿನಿಂದ ಮರಳಿ ಪಡೆಯಬಹುದೆಂದು ತೋರಿಸಿಕೊಟ್ಟನು. ಪ್ರಯಾಣಿಕರ ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಶೆವ್ರೊಲೆಟ್ ಗಾಡಿಗಳ ಮೂಲಕ. ಡೀಸೆಲ್ ಕಾರಿಗೆ ಬಂದದ್ದು 1978ರ ಮರ್ಸಿಡಿಸಿನಲ್ಲಿ. ನಮ್ಮಲ್ಲಿ 2002ರ ಸ್ಕಾರ್ಪಿಯೋ, 2005ರ ಇನ್ನೋವಾ, 2007ರ ಡೀಸೆಲ್ ಸ್ವಿಫ್ಟುಗಳು ಅದನ್ನು ಸಣ್ಣ ಪಟ್ಟಣದ ಅಂಗಳದವರೆಗೆ ತಂದವು. 2017ರಲ್ಲಿ ಬಂದ ನೆಕ್ಸಾನ್, 2019ರಲ್ಲಿ ಬಂದ ವೆನ್ಯೂಗಳ ತರುವಾಯ ಪೆಟ್ರೋಲಿನ ಟರ್ಬೋಗಳೂ ಇಲ್ಲಿ ಅಪರಿಚಿತವಾಗಿ ಉಳಿಯಲಿಲ್ಲ.

ಗಾಳಿಯು ನಡೆಯುವ ಹಾದಿಯನ್ನು ಒಮ್ಮೆ ಮನಸ್ಸಿನಲ್ಲಿ ನಡೆದು ಬಂದರೆ ಶೋಧದ ಅರ್ಧ ಕೆಲಸ ಮುಗಿದಂತೆ. ಫಿಲ್ಟರಿನ ಪೆಟ್ಟಿಗೆ, ಅದರ ಬೆನ್ನಿಗೆ ಗಾಳಿಯ ಪ್ರಮಾಣವನ್ನಳೆಯುವ ಏರ್‌ಫ್ಲೋ ಸೆನ್ಸರು, ಅಲ್ಲಿಂದ ಟರ್ಬೋದ ಕಂಪ್ರೆಸರಿನ ಬಾಯಿ: ಇಷ್ಟು ದೂರ ಗಾಳಿಯನ್ನು ಹೀರಲಾಗುತ್ತಿರುತ್ತದೆ. ಕಂಪ್ರೆಸರನ್ನು ದಾಟಿದ ಮೇಲೆ ಬಿಸಿ ನಳಿಕೆ, ಇಂಟರ್‌ಕೂಲರು, ತಣ್ಣನೆಯ ನಳಿಕೆ, ಥ್ರಾಟಲ್, ಇನ್‌ಟೇಕ್ ಮ್ಯಾನಿಫೋಲ್ಡು: ಇಲ್ಲೆಲ್ಲ ಗಾಳಿಯು ಒತ್ತಲ್ಪಟ್ಟಿರುತ್ತದೆ. ಮೊದಲ ಭಾಗದಲ್ಲಿ ತೂತಿದ್ದರೆ ಹೊರಗಿನದು ಒಳಬರುತ್ತದೆ. ಎರಡನೆಯದರಲ್ಲಿದ್ದರೆ ಒಳಗಿನದು ಹೊರಹೋಗುತ್ತದೆ. ಕಂಪ್ರೆಸರಿನಿಂದ ಹೊರಟ ಗಾಳಿಯು ಎಷ್ಟು ಬಿಸಿಯಾಗಿರುತ್ತದೆಂಬುದನ್ನು ಅನೇಕರು ಊಹಿಸಿರುವುದಿಲ್ಲ. 40 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಏರಿಸಿದಾಗ, ಕಂಪ್ರೆಸರಿನ ದಕ್ಷತೆಯನ್ನು ನೂರಕ್ಕೆ ಎಪ್ಪತ್ತೆಂದು ಎಣಿಸಿದರೆ, ಅದು ಸುಮಾರು 138 ಡಿಗ್ರಿಯನ್ನು ಮುಟ್ಟುತ್ತದೆ. ಕ್ರ್ಯಾಂಕ್‌ಕೇಸಿನ ಉಸಿರುನಳಿಕೆಯಿಂದ ಬಂದ ಎಣ್ಣೆಯ ಆವಿಯೂ ಅದರಲ್ಲಿ ಬೆರೆತಿರುತ್ತದೆ. ಬಿಸಿಯೂ ಎಣ್ಣೆಯೂ ಒತ್ತಡವೂ ಎಂಜಿನ್ನಿನ ತೂಗಾಟವೂ ಏಕಕಾಲದಲ್ಲಿ ಕೂಡಿ ರಬ್ಬರನ್ನು ಬಾಧಿಸುವುದರಿಂದಲೇ ಹೋಸುಗಳು ಬಿರಿಯುತ್ತವೆ. ಇಲ್ಲಿ ಒಂದು ಮಾತು: ನಳಿಕೆಯೊಳಗೆ ಎಣ್ಣೆಯ ತೆಳುಲೇಪವಿರುವುದು ಆರೋಗ್ಯವಂತ ಎಂಜಿನ್ನಿನಲ್ಲಿಯೂ ಸಹಜವಾದದ್ದು, ಬೆರಳಿಗೆ ಎಣ್ಣೆ ಹತ್ತಿತೆಂಬ ಮಾತ್ರಕ್ಕೆ ಟರ್ಬೋವನ್ನು ದಂಡಿಸುವುದು ನ್ಯಾಯವಲ್ಲ. ಇಂಟರ್‌ಕೂಲರಿನ ತಳದಲ್ಲಿ ಎಣ್ಣೆಯು ಮಡುಗಟ್ಟಿ ನಿಂತಿದ್ದರೆ ಆ ಮಾತು ಬೇರೆ.

ಸಣ್ಣದೊಂದು ತೂತಿನಿಂದ ಏನಾದೀತೆಂಬ ಉದಾಸೀನಕ್ಕೆ ಲೆಕ್ಕವೇ ಉತ್ತರವನ್ನು ಕೊಡಬಲ್ಲದು. ಒಳಗೆ 190 ಕಿಲೋಪಾಸ್ಕಲ್ ಒತ್ತಡವೂ ಹೊರಗೆ 94 ಕಿಲೋಪಾಸ್ಕಲ್ ಒತ್ತಡವೂ ಇರುವಾಗ 5 ಮಿಲಿಮೀಟರ್ ವ್ಯಾಸದ ರಂಧ್ರದಿಂದ ಪ್ರತಿ ಸೆಕೆಂಡಿಗೆ ಸುಮಾರು 6ರಿಂದ 7 ಗ್ರಾಮ್ ಗಾಳಿ ಹೊರಬೀಳುತ್ತದೆ. ಎರಡೂವರೆ ಲೀಟರಿನ ಎಂಜಿನ್ನೊಂದು ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 110 ಗ್ರಾಮ್ ಗಾಳಿಯನ್ನು ನುಂಗುವುದರಿಂದ, ಅದಕ್ಕೆ ಈ ನಷ್ಟವು ನೂರಕ್ಕೆ ಆರರಷ್ಟು ಮಾತ್ರ. ಟರ್ಬೋವು ತುಸು ವೇಗವಾಗಿ ತಿರುಗಿ ಅದನ್ನು ಮರೆಮಾಚಬಲ್ಲುದು. ಆದರೆ 1.3 ಲೀಟರಿನ ಪುಟ್ಟ ಎಂಜಿನ್ನು 2000 ಸುತ್ತಿನಲ್ಲಿ ನುಂಗುವುದು 38 ಗ್ರಾಮ್ ಮಾತ್ರ. ಅದಕ್ಕೆ ಅದೇ ತೂತು ನೂರಕ್ಕೆ ಹದಿನೇಳರ ಕೊರತೆಯನ್ನುಂಟುಮಾಡುತ್ತದೆ. ಒತ್ತಡವು ಈ ಮಟ್ಟಕ್ಕೆ ಬಂದಾಗ ರಂಧ್ರದಲ್ಲಿ ಗಾಳಿಯ ವೇಗವು ಶಬ್ದವೇಗವನ್ನು ಮುಟ್ಟಿಬಿಡುವುದರಿಂದ, ಒಳಗಿನ ಒತ್ತಡ ಅಷ್ಟೇ ಇರುವವರೆಗೆ ಎಂಜಿನ್ನು ನಿಧಾನವಾಗಿ ತಿರುಗಲಿ ವೇಗವಾಗಿ ತಿರುಗಲಿ ಸೋರುವ ಪ್ರಮಾಣವು ಹೆಚ್ಚುಕಡಮೆ ಒಂದೇ. ಆದಕಾರಣವೇ ಸೋರುವ ಗಾಡಿಯು ಸಮತಲದ ಹೆದ್ದಾರಿಯಲ್ಲಿ ಹೇಗೋ ಓಡುತ್ತಿದ್ದು, ಕಡಿಮೆ ಸುತ್ತಿನಲ್ಲಿ ಭಾರವನ್ನೆಳೆಯಬೇಕಾದ ಏರಿನಲ್ಲಿ ಮಾತ್ರ ಕೈಬಿಡುತ್ತದೆ. ಇಷ್ಟರಲ್ಲಿ, ಬೇಡಿದ ಒತ್ತಡವನ್ನು ಪೂರೈಸಲು ಟರ್ಬೋದ ಚಕ್ರವು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನೂ ಮೀರಿ ಹೆಣಗುತ್ತಿರುವುದರಿಂದ, ಇಂದಿನ ಹೋಸಿನ ದೋಷವು ಮುಂದೊಂದು ದಿನ ನಿಜವಾಗಿಯೂ ಟರ್ಬೋದ ದೋಷವಾಗಿ ಪರಿಣಮಿಸುವುದೂ ಉಂಟು.

ಹೊಗೆಯನ್ನು ಸಾಕ್ಷಿಯಾಗಿ ಹಿಡಿಯುವವರು ಅದರ ಮಿತಿಯನ್ನೂ ಅರಿತಿರಬೇಕು. ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೂ ಇಂಧನವು ಅದಕ್ಕೆ ತಕ್ಕಷ್ಟು ಕಡಿಮೆಯಾಗದಿದ್ದಾಗ ಕರಿಹೊಗೆ ಏಳುತ್ತದೆ. ಏರ್‌ಫ್ಲೋ ಸೆನ್ಸರಿನ ಮಾತನ್ನು ನಂಬಿ ಇಂಧನವನ್ನು ನಿಯಂತ್ರಿಸುವ ಹೊಸ ಎಂಜಿನ್ನಿನಲ್ಲಿಯೂ ಹೊಗೆ ಬರುತ್ತದೆ. ಏಕೆಂದರೆ ಸೆನ್ಸರು ಸೋರಿಕೆಗಿಂತ ಹಿಂದೆಯೇ ಗಾಳಿಯನ್ನಳೆದಿರುತ್ತದೆ, ದಾರಿಯಲ್ಲಿ ಕಳೆದುಹೋದದ್ದು ಅದಕ್ಕೆ ತಿಳಿಯದು. ಮ್ಯಾನಿಫೋಲ್ಡಿನ ಒತ್ತಡವನ್ನಷ್ಟೇ ನೋಡಿ ಲೆಕ್ಕ ಹಾಕುವ ಎಂಜಿನ್ನಾದರೆ ಗಾಳಿ ಕಡಿಮೆಯೆಂದು ಅರಿತು ಇಂಧನವನ್ನೂ ಕಡಿತಗೊಳಿಸುತ್ತದೆ. ಹೊಗೆಯೇ ಇರುವುದಿಲ್ಲ, ಬಲ ಮಾತ್ರ ಕುಂದುತ್ತದೆ. ಬಿಎಸ್–6 ಎಂಬ ಮಾಲಿನ್ಯಮಿತಿಯ ನಿಯಮವು ದೇಶಾದ್ಯಂತ ಜಾರಿಗೆ ಬಂದ 2020ರ ಏಪ್ರಿಲ್ ತರುವಾಯದ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿದಿಡುವ ಫಿಲ್ಟರೊಂದು ಸೈಲೆನ್ಸರಿನ ಹಾದಿಯಲ್ಲಿ ಕುಳಿತಿರುವುದರಿಂದ ಹೊಗೆಯ ಸಾಕ್ಷ್ಯವು ಇನ್ನೂ ಕ್ಷೀಣವಾಗಿದೆ. ಮಸಿಯು ಹೊರಗೆ ಕಾಣದೆ ಆ ಫಿಲ್ಟರಿನಲ್ಲಿಯೇ ತುಂಬಿಕೊಳ್ಳುತ್ತದೆ. ಹೊಗೆಯಿಲ್ಲವಾದ್ದರಿಂದ ಸೋರಿಕೆಯಿಲ್ಲ ಎಂಬ ಹಳೆಯ ನಂಬಿಕೆಯನ್ನು ಈಗ ಬಿಡತಕ್ಕದ್ದು.

ಇನ್ನು ಶೋಧನೋಪಾಯಗಳು. ಅತ್ಯಂತ ಅಗ್ಗವಾದ ಉಪಾಯವಾದ ಕಣ್ಣನ್ನು ನಾನು ಮೊದಲಿಡುವೆನು. ಸೋರುವ ಕಡೆ ಎಣ್ಣೆಯ ಆವಿಯೂ ಹೊರಬಂದು, ಅದರ ಮೇಲೆ ಧೂಳು ಕುಳಿತು, ಕೀಲಿನಿಂದ ಗರಿಯಂತೆ ಹಬ್ಬಿದ ಕಪ್ಪುಕಲೆಯೊಂದು ಮೂಡುತ್ತದೆ. ಧೂಳೇ ಇಲ್ಲದ ದೇಶದ ಮಿಸ್ತ್ರಿಗಿಂತ ನಮ್ಮ ಮಿಸ್ತ್ರಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಎಂಜಿನ್ನನ್ನು ನೀರು ಹೊಡೆದು ತೊಳೆದ ಮೇಲೆ ಪರೀಕ್ಷೆಗೆ ತರುವವರು ಈ ಸಾಕ್ಷ್ಯವನ್ನು ತಾವೇ ಅಳಿಸಿದಂತಾಗುತ್ತದೆ. ಆದರೆ ಕಣ್ಣು ನಿಂತ ಗಾಡಿಯ ತಣ್ಣನೆಯ ಹೋಸನ್ನು ನೋಡುತ್ತದೆ. ಉಮರ್ಗಾದ ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಪಿಕಪ್ಪೊಂದರ ವಿಷಯ ಇಲ್ಲಿ ಹೇಳತಕ್ಕದ್ದು. ಅದರ ಟರ್ಬೋ ಹೊಸದು. ಹೋಸುಗಳನ್ನೆಲ್ಲ ಸವರಿ ನೋಡಿ ಸರಿಯೆಂದು ಹೇಳಲಾಗಿತ್ತು. ವಯಸ್ಸಾದ ಮಿಸ್ತ್ರಿಯೊಬ್ಬರು ಇಂಟರ್‌ಕೂಲರಿಗೆ ಹೋಗುವ ಮಡಿಕೆಮಡಿಕೆಯ ಹೋಸನ್ನು ಕಳಚಿ ತಂದು, ಬಿಸಿಲಿಗೆ ಹಿಡಿದು, ಎರಡೂ ತುದಿಗಳನ್ನು ಹಿಡಿದು ಹಿಗ್ಗಿಸಿದರು. ಕೆಳಮೈಯ ಎರಡು ಮಡಿಕೆಗಳ ನಡುವಿನ ಕಣಿವೆಯಲ್ಲಿ, ಸುಮ್ಮನಿದ್ದಾಗ ಗೆರೆಯಂತೆಯೂ ತೋರದಿದ್ದ ಸೀಳೊಂದು ಬಾಯ್ತೆರೆದು, ಅದರೊಳಗಿನ ನೂಲಿನ ಪದರವು ಕರಗಿ ನಾರುನಾರಾಗಿದ್ದುದು ಕಾಣಿಸಿತು. “ನೋಡ್ರಿ, ನಿಂತಾಗ ಬಾಯಿ ಮುಚ್ಚಿರ್ತದ, ಎಂಜಿನ್ ಅಲ್ಲಾಡಿದಾಗ ತೆರೀತದ” ಎಂದಷ್ಟೇ ಹೇಳಿ, ಅವರು ಎಂಜಿನ್ನಿನ ಮೌಂಟುಗಳ ರಬ್ಬರನ್ನು ಸಬ್ಬಲಿನಿಂದ ಮೀಟಿ ನೋಡಿದರು, ಅವುಗಳಲ್ಲಿ ಒಂದು ಹರಿದಿತ್ತು. ಹೋಸು ಬಿರಿಯಲು ಅದೇ ಮೂಲಕಾರಣವೆಂದು ಆಮೇಲೆ ಎಲ್ಲರೂ ಒಪ್ಪಿದರು. ಹೋಸನ್ನು ಕಳಚಿ, ಬಗ್ಗಿಸಿ, ಹಿಗ್ಗಿಸಿ ನೋಡದ ಪರೀಕ್ಷೆಯು ಪರೀಕ್ಷೆಯಲ್ಲವೆಂದು ನಾನು ಹೇಳುವುದು ಈ ಕಾರಣದಿಂದ.

ಕಿವಿಯ ಸಾಕ್ಷ್ಯವು ಅಷ್ಟು ವಿಶ್ವಾಸಾರ್ಹವಲ್ಲ. ಭಾರದಲ್ಲಿ ಎಂಜಿನ್ನು ದುಡಿಯುವಾಗ “ಸುಸ್ಸ್” ಎಂಬ ಸದ್ದು ಕೇಳಿಬಂದರೆ ಸೋರಿಕೆಯಿದೆಯೆಂದು ತಿಳಿಯಬಹುದು, ಎಲ್ಲಿದೆಯೆಂದು ತಿಳಿಯದು. ಡೀಸೆಲ್ ಗಾಡಿಯನ್ನು ನಿಲ್ಲಿಸಿ ಆಕ್ಸಿಲರೇಟರು ಒತ್ತಿದರೆ ಹೊರೆಯಿಲ್ಲದ ಎಂಜಿನ್ನು ಬೂಸ್ಟನ್ನೇ, ಅಂದರೆ ಟರ್ಬೋದ ಒತ್ತಡವನ್ನೇ, ಹೆಚ್ಚಾಗಿ ಕಟ್ಟುವುದಿಲ್ಲವಾದ್ದರಿಂದ, ಗ್ಯಾರೇಜಿನೊಳಗೆ ರೇಸ್ ಮಾಡಿ ಕಿವಿಗೊಡುವ ಪದ್ಧತಿಯಿಂದ ದೊರೆಯುವ ಫಲವು ಅಲ್ಪ.

ಒತ್ತಡಪರೀಕ್ಷೆಯೇ ಇವೆಲ್ಲವುಗಳಲ್ಲಿ ಹೆಚ್ಚು ವಿಸ್ತಾರವಾಗಿ ವಿಚಾರಿಸತಕ್ಕದ್ದು. ಏಕೆಂದರೆ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಈ ಪಟ್ಟಣಗಳಲ್ಲಿಯೇ ಇದೆ, ಅದರಿಂದ ಅಪಾಯವೂ ಇದೆ. ಕಂಪ್ರೆಸರಿನ ಬಾಯಿಗೆ ಹೊಂದುವ ಪಿವಿಸಿ ಮುಚ್ಚಳಕ್ಕೆ ಟಯರಿನ ವಾಲ್ವೊಂದನ್ನು ಕೂರಿಸಿ, ಮೊಣಕೈ ಹೋಸು ಮತ್ತು ಕ್ಲ್ಯಾಂಪಿನಿಂದ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿದರೆ, ಟರ್ಬೋದಿಂದ ಸಿಲಿಂಡರಿನವರೆಗಿನ ಹಾದಿಯೆಲ್ಲವೂ ಒತ್ತಡಕ್ಕೆ ಒಳಗಾಗುತ್ತದೆ. ಆಗ ಸಾಬೂನಿನ ನೀರನ್ನು ಕೀಲುಕೀಲಿಗೂ ಸವರುತ್ತ ಹೋದರೆ ಗುಳ್ಳೆಗಳೇ ಸ್ಥಳವನ್ನು ಹೇಳುತ್ತವೆ. ಆದರೆ ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿರುವುದು 8 ಬಾರ್ ಅಥವಾ ಅದಕ್ಕೂ ಮೀರಿದ ಒತ್ತಡ. ನಮಗೆ ಬೇಕಾದದ್ದು ಆ ಎಂಜಿನ್ನು ತಾನಾಗಿ ಕಟ್ಟುವಷ್ಟು, ಅಂದರೆ ಸಾಮಾನ್ಯವಾಗಿ 1 ಬಾರಿನ ಆಸುಪಾಸು ಮಾತ್ರ. ನಡುವೆ ರೆಗ್ಯುಲೇಟರೂ ಗೇಜೂ ಇಲ್ಲದೆ ಈ ಕಾರ್ಯಕ್ಕೆ ಕೈಹಾಕಲಾಗದು. 75 ಮಿಲಿಮೀಟರ್ ಅಗಲದ ಮುಚ್ಚಳವೊಂದರ ಮೇಲೆ 1 ಬಾರ್ ಒತ್ತಡವು ಹೊರಿಸುವ ಬಲವು 45 ಕಿಲೋ ತೂಕಕ್ಕೆ ಸಮ. ಕ್ಲ್ಯಾಂಪು ಜಾರಿದರೆ ಅದು ಸಿಡಿದು ಎದುರಿನವನ ಮುಖಕ್ಕೆ ಬಡಿಯುತ್ತದೆ. ಅದರ ನೇರಕ್ಕೆ ನಿಲ್ಲದಿರುವುದು ಮೊದಲನೆಯ ನಿಯಮ. ಎರಡನೆಯದು ಕ್ರ್ಯಾಂಕ್‌ಕೇಸಿನ ವಿಷಯ. ಉಸಿರುನಳಿಕೆಯು ಕಂಪ್ರೆಸರಿನ ಹಿಂದಿನ ಹೋಸಿಗೆ ಸೇರಿಕೊಂಡಿರುವುದರಿಂದ, ಅದನ್ನು ಬೇರ್ಪಡಿಸಿ ಮುಚ್ಚದಿದ್ದರೆ ಗಾಳಿಯು ಎಂಜಿನ್ನಿನ ಹೊಟ್ಟೆಗೆ ನುಗ್ಗಿ ಕ್ರ್ಯಾಂಕ್ ಸೀಲುಗಳನ್ನು ಹೊರದಬ್ಬೀತು. ಎಣ್ಣೆ ಹಾಕುವ ಮುಚ್ಚಳವನ್ನು ತೆರೆದಿಡುವುದು ಕ್ಷೇಮ.

ಈ ಪರೀಕ್ಷೆಯಲ್ಲಿ ಗೇಜಿನ ಮುಳ್ಳು ಇಳಿಯುವುದನ್ನು ಕಂಡೊಡನೆ ಗಾಬರಿಯಾಗಬೇಕಾಗಿಲ್ಲ. ನಿಂತ ಎಂಜಿನ್ನಿನಲ್ಲಿ ಯಾವುದೋ ಒಂದು ಸಿಲಿಂಡರಿನ ಇನ್‌ಟೇಕ್ ವಾಲ್ವು ತೆರೆದಿರುವುದು ಸಹಜ. ಗಾಳಿಯು ಅಲ್ಲಿಂದ ಪಿಸ್ಟನ್ ರಿಂಗುಗಳ ಪಕ್ಕದಿಂದಲೋ, ಎರಡು ವಾಲ್ವುಗಳೂ ತುಸು ತೆರೆದ ಗಳಿಗೆಯಲ್ಲಿ ನಿಂತಿದ್ದರೆ ಸೈಲೆನ್ಸರಿನಿಂದಲೋ ಹೊರಹೋಗುತ್ತದೆ. ಆಗ ಕ್ರ್ಯಾಂಕನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡತಕ್ಕದ್ದು. ನಮಗೆ ಬೇಕಾದದ್ದು ಮುಳ್ಳು ನಿಶ್ಚಲವಾಗಿರುವುದಲ್ಲ. ಗಾಳಿ ಹೋಗಬಾರದ ಕಡೆಯಿಂದ ಹೋಗುತ್ತಿದೆಯೇ ಎಂಬುದು. ಇಷ್ಟಾದರೂ ಈ ಪರೀಕ್ಷೆಯು ತಣ್ಣನೆಯ, ಅಲುಗಾಡದ ಎಂಜಿನ್ನಿನ ಪರೀಕ್ಷೆಯೇ. ಗಾಳಿ ತುಂಬಿದ ಸ್ಥಿತಿಯಲ್ಲಿ ಹೋಸುಗಳನ್ನು ಕೈಯಿಂದ ಅತ್ತಿತ್ತ ಬಾಗಿಸಿ, ಎಂಜಿನ್ನನ್ನು ಸಬ್ಬಲಿನಿಂದ ಮೆಲ್ಲನೆ ಮೀಟಿ ತೂಗಾಡಿಸಿ ನೋಡಿದರೆ ಆ ಕೊರತೆಯು ಬಹುಮಟ್ಟಿಗೆ ನೀಗುತ್ತದೆ. ಗಾಡಿಯು ಓಡಿ ಬಂದು ಹೋಸು ಬಿಸಿಯಿರುವಾಗಲೇ ಪರೀಕ್ಷಿಸುವುದು ಇನ್ನೂ ಮೇಲು.

ಇಂಟರ್‌ಕೂಲರನ್ನು ಕಳಚಿ ತರುವುದಾದರೆ ರೇಡಿಯೇಟರ್ ರಿಪೇರಿಯವರ ನೀರಿನ ತೊಟ್ಟಿಗೆ ಮಿಗಿಲಾದ ಪರೀಕ್ಷೆಯಿಲ್ಲ. ಎರಡೂ ಬಾಯಿಗಳನ್ನು ಮುಚ್ಚಿ, ಒಂದರಿಂದ ಗಾಳಿ ಕೊಟ್ಟು ನೀರಿನಲ್ಲಿ ಮುಳುಗಿಸಿದರೆ, ಅಲ್ಯುಮಿನಿಯಮ್ ಜಾಲಕ್ಕೂ ಪ್ಲಾಸ್ಟಿಕ್ ಡಬ್ಬಿಗೂ ನಡುವಿನ ಮಡಿಕೆಯಿಂದ ಏಳುವ ಗುಳ್ಳೆಗಳ ಸಾಲು ತಪ್ಪದೆ ಕಾಣುತ್ತದೆ.

ಹೊಗೆಯಂತ್ರವು ಪೇಟೆಯ ದೊಡ್ಡ ವರ್ಕ್‌ಶಾಪುಗಳಿಂದ ಬಂದದ್ದು. ಖನಿಜತೈಲವನ್ನು ಕಾಯಿಸಿ ಎಬ್ಬಿಸಿದ ದಟ್ಟಹೊಗೆಯನ್ನು ನಳಿಕೆಗಳಲ್ಲಿ ತುಂಬಿಸಿದರೆ ಸೋರುವ ಕಡೆ ಹೊಗೆಯ ಎಳೆಯೊಂದು ಏಳುತ್ತದೆ. ನೋಡಲು ಇದರಷ್ಟು ಮನವೊಪ್ಪುವ ಪರೀಕ್ಷೆ ಮತ್ತೊಂದಿಲ್ಲ. ಗಾಡಿಯ ಒಡೆಯನೂ ತಾನೇ ಕಂಡು ನಂಬುತ್ತಾನೆ. ಆದರೆ ಸಾಧಾರಣ ಹೊಗೆಯಂತ್ರಗಳು ಕೊಡುವ ಒತ್ತಡವು ಬೂಸ್ಟಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ. ಒತ್ತಡ ಏರಿದಾಗ ಮಾತ್ರ ಬಾಯ್ದೆರೆಯುವ ಸೀಳಿಗೆ ಈ ಹೊಗೆಯು ಸೋಂಕುವುದೇ ಇಲ್ಲ. ಬೂಸ್ಟಿನ ಮಟ್ಟದ ಒತ್ತಡ ಕೊಡುವ ಯಂತ್ರಗಳಿವೆ. ಅವುಗಳ ಬೆಲೆಯೂ ಅದಕ್ಕೆ ತಕ್ಕಂತಿದೆ. ಹಳೆಯ ಡಬ್ಬಿಯಲ್ಲಿ ಹೀಟರ್ ಪ್ಲಗ್ಗನ್ನು ಕೂರಿಸಿ ತಾವೇ ಇಂಥದನ್ನು ಕಟ್ಟಿಕೊಳ್ಳುವ ಜಾಣ್ಮೆಯನ್ನು ಮೆಚ್ಚಬಹುದಾದರೂ, ಪೆಟ್ರೋಲ್ ಗಾಡಿಯ ಬಳಿ ಅದನ್ನು ಉರಿಸುವ ಧೈರ್ಯವನ್ನು ಮೆಚ್ಚಲಾರೆ.

ಎಂಜಿನ್ನಿನ ಸೆನ್ಸರುಗಳ ಸಂಖ್ಯೆಗಳನ್ನು ಓದಿ ತೋರಿಸುವ ಸ್ಕ್ಯಾನರು ಉಳಿದವುಗಳಿಂದ ಭಿನ್ನವಾದದ್ದು. ಎಂಜಿನ್ನು ನಿಜವಾಗಿ ದುಡಿಯುತ್ತಿರುವಾಗ ಅಳೆದು ನೋಡಬಲ್ಲ ಉಪಾಯ ಅದೊಂದೇ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡದಿರುವಾಗ ಮ್ಯಾನಿಫೋಲ್ಡಿನ ಒತ್ತಡ ಸೆನ್ಸರು ತೋರಿಸುವ ಸಂಖ್ಯೆಯು ಆ ಊರಿನ ವಾಯುಮಂಡಲದ ಒತ್ತಡವಾಗಿರಬೇಕು. ಉದಗೀರದಲ್ಲಿ ಅದು 94 ಕಿಲೋಪಾಸ್ಕಲಿನ ಸುತ್ತಮುತ್ತ ಇರುವುದು ಸರಿ. ಕರಾವಳಿಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡವನು ಇದನ್ನು ಕಂಡು ಸೆನ್ಸರೇ ಕೆಟ್ಟಿದೆಯೆಂದು ಭ್ರಮಿಸಬಾರದು. ತರುವಾಯ ಭಾರವಿರುವ ಗಾಡಿಯನ್ನು ಮೂರನೆಯ ಗೇರಿನಲ್ಲಿ, 1500 ಸುತ್ತಿನಿಂದ ಪೂರ್ಣ ಆಕ್ಸಿಲರೇಟರಿನಲ್ಲಿ ಏರಿನ ಮೇಲೆ ಬಿಟ್ಟು, ಎಂಜಿನ್ನನ್ನು ನಿಯಂತ್ರಿಸುವ ಗಣಕವಾದ ಇಸಿಎಂ ಬೇಡಿದ ಒತ್ತಡ ಎಷ್ಟು, ದೊರೆತದ್ದೆಷ್ಟು ಎಂಬ ಎರಡು ಸಾಲುಗಳನ್ನು ಒಟ್ಟಿಗೆ ದಾಖಲಿಸತಕ್ಕದ್ದು. ಚಾಲಕನೇ ಪರದೆಯನ್ನು ನೋಡದೆ, ಪಕ್ಕದಲ್ಲಿ ಇನ್ನೊಬ್ಬನು ಕುಳಿತು ನೋಡಬೇಕೆಂಬುದನ್ನು ಹೇಳಬೇಕಾಗಿಲ್ಲ. ಬೇಡಿದ್ದು 200, ಸಿಕ್ಕಿದ್ದು 160 ಎಂದಾದಾಗ ಪಿ0299 ಎಂಬ ಕೋಡು ಮೂಡಿ, ಎಂಜಿನ್ನು ತನ್ನ ಬಲವನ್ನು ತಾನೇ ಮಿತಗೊಳಿಸಿಕೊಳ್ಳುತ್ತದೆ. ಆದರೆ ಈ ಕೋಡಿನ ಅರ್ಥ ಬೂಸ್ಟು ಕಡಿಮೆಯಿದೆಯೆಂಬುದಷ್ಟೇ. ಟರ್ಬೋ ಕೆಟ್ಟಿದೆಯೆಂದಾಗಲಿ ಹೋಸು ಹರಿದಿದೆಯೆಂದಾಗಲಿ ಅದು ಎಂದೂ ಹೇಳುವುದಿಲ್ಲ. ಇಲ್ಲಿ ಏರ್‌ಫ್ಲೋ ಸೆನ್ಸರಿನ ಸಂಖ್ಯೆಯು ನೆರವಿಗೆ ಬರುತ್ತದೆ. ಒತ್ತಡ ಕಡಿಮೆಯಿದ್ದು ಒಳಬರುವ ಗಾಳಿಯ ತೂಕ ಮಾತ್ರ ಯಥೋಚಿತವಾಗಿಯೋ ಹೆಚ್ಚಾಗಿಯೋ ಇದ್ದರೆ, ಕಂಪ್ರೆಸರು ದುಡಿಯುತ್ತಿದೆ, ದುಡಿದದ್ದು ಸೋರುತ್ತಿದೆ. ಎರಡೂ ಕಡಿಮೆಯಿದ್ದರೆ ಟರ್ಬೋಗೇ ಬಲ ಬರುತ್ತಿಲ್ಲ. ಈ ಒಂದು ಭೇದವನ್ನು ಕಂಡುಕೊಂಡರೆ ಎಷ್ಟೋ ಟರ್ಬೋಗಳು ಬದುಕಿಕೊಂಡಾವು.

ಟರ್ಬೋಗೆ ಬಲ ಬಾರದಿರಲು ಬೇರೆ ಕಾರಣಗಳಿವೆ, ಅವು ಸೋರಿಕೆಯ ವೇಷವನ್ನು ಧರಿಸಿ ಬರುತ್ತವೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು ಸುಟ್ಟು ಹೊಗೆಯು ಟರ್ಬೋವನ್ನು ತಿರುಗಿಸುವ ಟರ್ಬೈನನ್ನು ಮುಟ್ಟುವ ಮೊದಲೇ ಹೊರಹೋಗುವುದು, ಹೊಗೆಯ ಒಂದು ಪಾಲನ್ನು ಮರಳಿ ಒಳಕಳಿಸುವ ಇಜಿಆರ್ ವಾಲ್ವು ಮಸಿಗಟ್ಟಿ ತೆರೆದೇ ನಿಲ್ಲುವುದು, ಟರ್ಬೋದ ಚಲಿಸುವ ರೆಕ್ಕೆಗಳು ಸಿಕ್ಕಿಕೊಳ್ಳುವುದು, ಇವೆಲ್ಲ ಇದೇ ದೂರನ್ನು ಹುಟ್ಟಿಸುತ್ತವೆ. ಆ ರೆಕ್ಕೆಗಳನ್ನು ಎಳೆಯುವ ವ್ಯಾಕ್ಯೂಮ್ ಪೈಪು ಪೆನ್ಸಿಲಿಗಿಂತ ಸಣ್ಣದು. ಬಿಸಿಲಿಗೆ ಒಣಗಿ ತುದಿಯಲ್ಲಿ ಬಿರಿದ ಆ ಪೈಪನ್ನು ಅರ್ಧ ಅಂಗುಲ ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಗುಣವಾಗುವ ರೋಗಕ್ಕೆ ಸಾವಿರಾರು ರೂಪಾಯಿ ಖರ್ಚಾದುದುಂಟು.

ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಅನುಕೂಲವಿದೆ. ಅದರ ಥ್ರಾಟಲ್ ಮುಚ್ಚಿರುವಾಗ ಮ್ಯಾನಿಫೋಲ್ಡಿನೊಳಗೆ ವಾಯುಮಂಡಲಕ್ಕಿಂತ ಬಹಳ ಕಡಿಮೆ ಒತ್ತಡವಿರುವುದರಿಂದ, ಥ್ರಾಟಲಿನ ಮುಂದಿನ ತೂತು ಐಡಲಿನಲ್ಲಿ ಅಳತೆಗೆ ಸಿಗದ ಗಾಳಿಯನ್ನು ಒಳಗೆಳೆದು ಎಂಜಿನ್ನನ್ನು ಏರುಪೇರಾಗಿ ಓಡಿಸುತ್ತದೆ. ಐಡಲ್ ಸ್ಥಿರವಾಗಿದ್ದು ಭಾರದಲ್ಲಿ ಮಾತ್ರ ಬಲ ಕುಂದುವುದಾದರೆ ತೂತು ಟರ್ಬೋಗೂ ಥ್ರಾಟಲಿಗೂ ನಡುವೆಯೆಂದು ತರ್ಕಿಸಬಹುದು. ಅಲ್ಲಿಯೇ ಇರುವ, ಹೆಚ್ಚಿನ ಒತ್ತಡವನ್ನು ಹಿಂದಕ್ಕೆ ಬಿಡುವ ವಾಲ್ವಿನ ಪೊರೆ ಹರಿದಿದೆಯೇ ಎಂಬುದನ್ನೂ ಆಗ ನೋಡಬೇಕು.

ಹೀರುವ ಬದಿಯ ಸೋರಿಕೆಯನ್ನು ಈ ಚರ್ಚೆಗಳಲ್ಲಿ ಸಾಮಾನ್ಯವಾಗಿ ಮರೆಯಲಾಗುತ್ತದೆ; ಸದ್ದಿಲ್ಲ, ಹೊಗೆಯಿಲ್ಲ, ಕೋಡಿಲ್ಲ, ಬಲವೂ ಅಷ್ಟಾಗಿ ಕುಂದದು. ಆದರೂ ನಮ್ಮ ಸೀಮೆಗೆ ಅದೇ ಹೆಚ್ಚಿನ ಅನರ್ಥಕಾರಿಯೆಂದು ನನ್ನ ಅಭಿಪ್ರಾಯ. ಫಿಲ್ಟರಿನ ಪೆಟ್ಟಿಗೆಯ ಕ್ಲಿಪ್ಪೊಂದು ಮುರಿದು ತಂತಿ ಕಟ್ಟಿದ್ದರೆ, ಅಥವಾ ಫಿಲ್ಟರಿನ ಅಂಚಿನ ರಬ್ಬರು ಸರಿಯಾಗಿ ಕೂರದಿದ್ದರೆ, ಎರೆಹೊಲದ ಧೂಳು ಸೋಸದೆಯೇ ಒಳಹೊಕ್ಕು, ಕಂಪ್ರೆಸರಿನ ಎಲೆಗಳ ಅಂಚನ್ನು ಮಸೆದು, ಮುಂದೆ ಸಾಗಿ ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ಸವೆಸುತ್ತದೆ. ಫಿಲ್ಟರನ್ನು ದಾಟಿದ ನಳಿಕೆಯೊಳಗೆ ಬಿಳಿಯ ಬಟ್ಟೆಯಿಂದ ಒರಸಿ ನೋಡುವುದೇ ಇದಕ್ಕೆ ಸಾಕಾದ ಪರೀಕ್ಷೆ; ಬಟ್ಟೆಗೆ ಮಣ್ಣು ಹತ್ತಕೂಡದು. ಐಡಲಿನಲ್ಲಿ ಓಡುವ ಡೀಸೆಲ್ ಗಾಡಿಯ ಹೀರುಹೋಸಿನ ಕೀಲುಗಳ ಬಳಿ ಊದುಬತ್ತಿಯನ್ನು ಹಿಡಿದು, ಹೊಗೆಯು ಒಳಗೆ ಬಾಗುವುದೇ ಎಂದು ನೋಡಬಹುದು. ಅದರ ಬದಲು ಕ್ಲೀನರ್ ಸ್ಪ್ರೇಯನ್ನೋ ಪೆಟ್ರೋಲನ್ನೋ ಚಿಮುಕಿಸುವ ಚಾಳಿಯು ಡೀಸೆಲ್ ಎಂಜಿನ್ನಿನಲ್ಲಿ ಕೂಡದು. ಅದು ಆ ಆವಿಯನ್ನೇ ಇಂಧನವಾಗಿ ಕುಡಿದು ಹಿಡಿತ ಮೀರಿ ಓಡಬಲ್ಲುದು.

ದುರಸ್ತಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಸರಿಯಾದ ಹೋಸು ಸಿಗದಾಗ ಅದೇ ಗಾತ್ರದ ರೇಡಿಯೇಟರ್ ಹೋಸನ್ನು ಕತ್ತರಿಸಿ ಹಾಕುವ ರೂಢಿಯಿದೆ. ನೀರಿಗೆಂದು ಮಾಡಿದ ಆ ರಬ್ಬರು ಎಣ್ಣೆಯ ಆವಿಯನ್ನು ತಾಳದೆ ಉಬ್ಬಿ ಮೆತ್ತಗಾಗುತ್ತದೆ. ನೀಲಿ, ಕೆಂಪು ಬಣ್ಣಗಳ ಸಿಲಿಕೋನ್ ಹೋಸುಗಳು ಬಿಸಿಯನ್ನು ಚೆನ್ನಾಗಿ ತಾಳಿದರೂ, ಒಳಗೆ ಫ್ಲೋರೋಸಿಲಿಕೋನಿನ ಅಸ್ತರಿಯಿಲ್ಲದಿದ್ದರೆ ಎಣ್ಣೆಗೆ ಅವೂ ಸೋಲುತ್ತವೆ. ಕೀಲಿನ ಎರಡೂ ಮುಖಗಳ ಎಣ್ಣೆಯನ್ನು ಪೂರ್ತಿ ಒರಸಿ, ನಳಿಕೆಯ ತುದಿಯ ಉಬ್ಬುಗೆರೆಯ ಹಿಂದೆ ಕ್ಲ್ಯಾಂಪನ್ನು ಕೂರಿಸಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಕ್ಲ್ಯಾಂಪೇ ಹೋಸನ್ನು ಕೊಯ್ಯುತ್ತದೆ. ಇಂಟರ್‌ಕೂಲರಿನ ಪ್ಲಾಸ್ಟಿಕ್ ಡಬ್ಬಿಗೆ ಅಂಟು ಹಚ್ಚಿ ಕಳಿಸುವುದು ಬರುವ ಬೇಸಗೆಯವರೆಗಿನ ಸಮಾಧಾನ. ಕೆಲಸ ಮುಗಿದ ಮೇಲೆ ಕೋಡನ್ನು ಅಳಿಸಿ, ಗ್ಯಾರೇಜಿನ ಮುಂದೆ ಒಂದು ಸುತ್ತು ಹಾಕಿ ಕೀಲಿಯನ್ನು ಒಡೆಯನ ಕೈಗಿಡುವುದು ಇಲ್ಲಿನ ವಾಡಿಕೆ. ಅದರ ಬದಲು ಮೊದಲು ಹೋದ ಏರಿಗೇ, ಅಷ್ಟೇ ಭಾರವನ್ನು ಹೇರಿ, ಅದೇ ಗೇರಿನಲ್ಲಿ ಇನ್ನೊಮ್ಮೆ ಹೋಗಿ, ಬೇಡಿದ ಒತ್ತಡವನ್ನೂ ದೊರೆತ ಒತ್ತಡವನ್ನೂ ಹಿಂದಿನ ದಾಖಲೆಯ ಪಕ್ಕದಲ್ಲಿ ಬರೆದು ನೋಡಬೇಕು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ರಬ್ಬರು ಬಿಸಿಗೆ ಕುಗ್ಗಿ ಕೂತಿರುವುದರಿಂದ, ಕ್ಲ್ಯಾಂಪುಗಳಿಗೆ ಮತ್ತೊಮ್ಮೆ ಸ್ಕ್ರೂಡ್ರೈವರ್ ತಾಗಿಸಲು ಗಾಡಿಯನ್ನು ಮರಳಿ ಕರೆಸಿಕೊಳ್ಳತಕ್ಕದ್ದು.